ಶ್ರೀಕಂಠದತ್ತ ಒಡೆಯರ್ ದತ್ತುಮಗನಾ? ಮತ್ತೆ ಅದೇ ಪ್ರಶ್ನೆ

ದಸರಾ ಹತ್ತಿರ ಬಂತೆಂದರೆ ಈ ಪ್ರಶ್ನೆಯೂ ಬರುತ್ತದೆ: "ಸರ್, ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ದತ್ತುಮಗ ಅಲ್ವಾ? ಹೆಸರಲ್ಲೇ ದತ್ತ ಇದೆಯಲ್ಲ?"

ಅಲ್ಲ. ಅವರು ಜಯಚಾಮರಾಜೇಂದ್ರ ಒಡೆಯರ್ ಅವರ ಸ್ವಂತ ಮಗ. 1953ರಲ್ಲಿ ಹುಟ್ಟಿದರು. ಐವರು ಹೆಣ್ಣುಮಕ್ಕಳಿದ್ದ ಮನೆಗೆ ಒಬ್ಬನೇ ಗಂಡು. ಶ್ರೀಕಂಠದತ್ತ ಅಂದರೆ ಶ್ರೀಕಂಠ, ಅಂದರೆ ಶಿವ, ಕೊಟ್ಟ ಮಗ ಅಂತ ಅರ್ಥ. ದತ್ತಾತ್ರೇಯ ಅಂತ ಹೆಸರಿದ್ದವರನ್ನೆಲ್ಲ ದತ್ತು ತಂದದ್ದೇ?

ಇಷ್ಟಕ್ಕೆ ಬಿಡುವುದಿಲ್ಲ. "ಹಾಗಾದ್ರೆ ತಲಕಾಡಿನ ಶಾಪ?" ಅಂತ ಮುಂದಿನ ಸಾಲು ಬಂದೇ ಬರುತ್ತದೆ. ಶ್ರೀರಂಗಪಟ್ಟಣದಲ್ಲಿ ವಿಜಯನಗರದ ಪ್ರತಿನಿಧಿಯಾಗಿದ್ದವನ ಹೆಂಡತಿ ಅಲಮೇಲಮ್ಮ, ಊರು ಒಡೆಯರ ಕೈಸೇರಿದಾಗ ಅವರ ವಂಶಕ್ಕೆ ಶಾಪ ಹಾಕಿದಳು ಅನ್ನುವ ಕತೆ ಅದು. ರಾಜ ಒಡೆಯರು ಶ್ರೀರಂಗಪಟ್ಟಣ ಹಿಡಿದದ್ದು 1610ರಲ್ಲಿ. "ಮೈಸೂರು ದೊರೆಗಳಿಗೆ ಮಕ್ಕಳಾಗದೆ ಹೋಗಲಿ" ಅನ್ನುವ ಮಾತು ಆಗಿನದು ಅಂತ ಜನ ನಂಬುತ್ತಾರೆ. ಸರಿ, ಲೆಕ್ಕ ಹಾಕಿ ನೋಡೋಣ.

ಚಿಕ್ಕದೇವರಾಜ ಒಡೆಯರು ತೀರಿಕೊಂಡದ್ದು 1704ರಲ್ಲಿ. ಆಮೇಲೆ ಪಟ್ಟಕ್ಕೆ ಬಂದವನು ಅವರ ಮಗ, ಮೂಕರಸು ಅಂತ ಜನ ಕರೆದ ಕಂಠೀರವ ನರಸರಾಜ. 1714ರಲ್ಲಿ ಅವನ ಮಗ ದೊಡ್ಡ ಕೃಷ್ಣರಾಜ. ಅಜ್ಜ, ಅಪ್ಪ, ಮಗ, ಮೂವರೂ ಸಾಲಾಗಿ. ಶಾಪ ಆಗ ರಜೆಯಲ್ಲಿತ್ತಾ?

ಇದನ್ನು ಹೇಳಿದರೆ ಕತೆ ಬದಲಾಗುತ್ತದೆ. "ಒಂದು ತಲೆಮಾರು ಬಿಟ್ಟು ಒಂದು" ಅನ್ನುತ್ತಾರೆ. ಮೇಲಿನ ಸಾಲು ಅದಕ್ಕೂ ಒಗ್ಗುವುದಿಲ್ಲ. ಆಗ "ದತ್ತು ಬಂದವರಿಗೆ ಮಾತ್ರ ಮಕ್ಕಳಾಗುತ್ತವೆ" ಅನ್ನುತ್ತಾರೆ. ಮೂಕರಸು ದತ್ತು ಬಂದವನಲ್ಲ, ಜಯಚಾಮರಾಜೇಂದ್ರರೂ ಅಲ್ಲ. ಅವರು ನಾಲ್ವಡಿಯವರ ತಮ್ಮನ ಮಗ, ಅಷ್ಟೇ. ನಾಲ್ವಡಿಯವರಿಗೆ ಮಕ್ಕಳಿರಲಿಲ್ಲ, ಶ್ರೀಕಂಠದತ್ತರಿಗೂ ಇರಲಿಲ್ಲ, ನಿಜ. ನಡುವೆ ಹುಟ್ಟಿದವರನ್ನು ಮರೆತು ಈ ಇಬ್ಬರನ್ನೇ ನೆನಪಿಟ್ಟುಕೊಂಡರೆ ಯಾವ ಶಾಪ ತಾನೇ ಫಲಿಸುವುದಿಲ್ಲ?

ಇನ್ನೊಂದು ಮಾತು ಯಾರೂ ಗಮನಿಸುವುದಿಲ್ಲ. ಮುಮ್ಮಡಿ ಕೃಷ್ಣರಾಜರಿಗೆ ಹೆಣ್ಣುಮಕ್ಕಳಿದ್ದರು. ಅವರು ದತ್ತು ತಂದ ಚಾಮರಾಜೇಂದ್ರರು ಮಗಳ ಮಗನೇ. 2015ರಲ್ಲಿ ಶ್ರೀಕಂಠದತ್ತರ ಹೆಂಡತಿ ಪ್ರಮೋದಾದೇವಿಯವರು ದತ್ತು ಪಡೆದ ಯದುವೀರ್ ಕೂಡ ಹೊರಗಿನವರಲ್ಲ, ಶ್ರೀಕಂಠದತ್ತರ ಅಕ್ಕ ಗಾಯತ್ರಿದೇವಿಯವರ ಮಗಳ ಮಗ. ಮೊಮ್ಮಕ್ಕಳು ಕಣ್ಣೆದುರಿಗೇ ಇದ್ದರೂ ಈ ವಂಶಕ್ಕೆ ಮಕ್ಕಳಿಲ್ಲ ಅನ್ನುತ್ತೇವೆ, ಹೆಣ್ಣುಮಕ್ಕಳನ್ನು ಲೆಕ್ಕಕ್ಕೇ ಹಿಡಿಯದೆ!

ಇರಲಿ. ಯಾರೂ ಕೇಳದ ಒಂದು ಪ್ರಶ್ನೆಗೆ ಬರುತ್ತೇನೆ. ರಾಜರು ಅನ್ನುವ ಕಾರಣಕ್ಕೇ ಮೈಸೂರಿನವರು ಶ್ರೀಕಂಠದತ್ತರಿಗೆ ವೋಟು ಹಾಕಿದರಾ? 1971ರಲ್ಲಿ ರಾಜಧನವೂ ಹೋಯಿತು, ಸರ್ಕಾರದ ಲೆಕ್ಕದಲ್ಲಿ ರಾಜಪದವಿಯೂ ಹೋಯಿತು. 1984, 1989, 1996, 1999 ಹೀಗೆ ನಾಲ್ಕು ಸಲ ಅವರು ಕಾಂಗ್ರೆಸ್‌ನಿಂದ ಲೋಕಸಭೆಗೆ ಗೆದ್ದರು. 1991ರಲ್ಲಿ ಮಾತ್ರ ಬಿಜೆಪಿಗೆ ಹೋಗಿ ನಿಂತರು. ಎದುರಿಗೆ ಕಾಂಗ್ರೆಸ್‌ನ ಚಂದ್ರಪ್ರಭಾ ಅರಸು, ದೇವರಾಜ ಅರಸರ ಮಗಳು. ಸೋತರು. 2004ರಲ್ಲಿ ಮತ್ತೆ ಕಾಂಗ್ರೆಸ್‌ನಿಂದಲೇ ನಿಂತರೂ ಸೋತರು. ರಾಜರು ಅಂತ ಕೈಮುಗಿಯುವುದೇ ಬೇರೆ, ಮತಪೆಟ್ಟಿಗೆಯೇ ಬೇರೆ.

ಆಮೇಲೆ ಅವರ ಮನಸ್ಸು ಕ್ರಿಕೆಟ್ ಕಡೆ ತಿರುಗಿತು. 2013ರ ಡಿಸೆಂಬರ್‌ನಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರಾಗಿ ಮತ್ತೆ ಆರಿಸಿ ಬಂದರು. ಕೆಲವೇ ದಿನಗಳಲ್ಲಿ, 10ನೇ ತಾರೀಖು, ತೀರಿಕೊಂಡರು. ಅವರು 1991ರಲ್ಲಿ ಸೋತ ಅದೇ ಪಕ್ಷದಿಂದ 2024ರಲ್ಲಿ ಯದುವೀರ್ ಗೆದ್ದರು.