ಬೇಲಿಯಾಚೆಯ ಫೋನು: ಕಾಲೇಜು ಕೋಚ್‌ಗಳ ಹೊಣೆ

ಕ್ರೀಡಾ ಕಾನೂನಿನ ಪೇಪರ್‌ನಲ್ಲಿ ‘ಡ್ಯೂಟಿ ಆಫ್ ಕೇರ್’ ಅನ್ನೋದು ಪದೇ ಪದೇ ಬರುತ್ತದೆ. ಎಚ್ಚರ ವಹಿಸುವ ಹೊಣೆ ಅನ್ನಬಹುದು. ವ್ಯಾಖ್ಯಾನ ಬಾಯಿಪಾಠ ಮಾಡಿದರೆ ಎರಡೇ ದಿನಕ್ಕೆ ಮರೆತುಹೋಗುತ್ತದೆ. ನನಗೆ ಅದು ತಲೆಗೆ ಹತ್ತಿದ್ದು ಅಮೆರಿಕದ ಒಂದು ಕೇಸ್ ಓದಿದ ಮೇಲೆ. ಅದರಿಂದಲೇ ಶುರು ಮಾಡುತ್ತೇನೆ.

1988ರ ಸೆಪ್ಟೆಂಬರ್ 16. ಪೆನ್ಸಿಲ್ವೇನಿಯಾದ ಗೆಟ್ಟಿಸ್‌ಬರ್ಗ್ ಕಾಲೇಜಿನ ಲಕ್ರಾಸ್ ತಂಡ ಪ್ರಾಕ್ಟೀಸ್‌ನಲ್ಲಿತ್ತು. (ಕೋಲಿನ ತುದಿಯ ಬಲೆಯಲ್ಲಿ ಚೆಂಡು ಹಿಡಿದು ಎಸೆಯುವ ಆಟ ಇದು.) 20 ವರ್ಷದ ಆಟಗಾರನೊಬ್ಬ ಇದ್ದಕ್ಕಿದ್ದಂತೆ ಕುಸಿದು ಬಿದ್ದ. ಯಾರೂ ಗುದ್ದಿರಲಿಲ್ಲ, ಚೆಂಡೂ ತಾಗಿರಲಿಲ್ಲ. ಹೃದಯ ನಿಂತಿತ್ತು. ಮೈದಾನದಲ್ಲಿದ್ದ ಕೋಚ್‌ಗಳಿಗೆ ಸಿಪಿಆರ್ (ಎದೆ ಒತ್ತಿ, ಉಸಿರು ಕೊಡುವ ತುರ್ತು ಚಿಕಿತ್ಸೆ) ಸರ್ಟಿಫಿಕೇಟ್ ಇರಲಿಲ್ಲ. ಟ್ರೈನರ್ (ಆಟಗಾರರ ಗಾಯ, ಆರೈಕೆ ನೋಡಿಕೊಳ್ಳುವವರು) ಇಲ್ಲ, ವಾಕಿಟಾಕಿ ಇಲ್ಲ. ಹತ್ತಿರದ ಫೋನು ಅಂದರೆ 200–250 ಗಜ ದೂರದ ಸ್ಟೇಡಿಯಂ ಒಳಗಿದ್ದದ್ದು. ಅಡ್ಡದಾರಿ ಹಿಡಿದರೆ ಎಂಟು ಅಡಿ ಎತ್ತರದ ತಂತಿ ಬೇಲಿ ಹತ್ತಿ ಇಳಿಯಬೇಕು. ಹುಡುಗ ಉಳಿಯಲಿಲ್ಲ.

ನಾನು ಓದಿದ ಕಾಲೇಜಿನಲ್ಲಿ ಫಸ್ಟ್ ಏಡ್ ಬಾಕ್ಸ್ ಪಿ.ಇ. ಸರ್ ರೂಮಿನ ಬೀರುವಿನಲ್ಲಿರುತ್ತಿತ್ತು. ಬೀಗದ ಕೈ ಅವರ ಬೈಕ್ ಕೀ ಗೊಂಚಲಲ್ಲಿ. ಸರ್ ಊಟಕ್ಕೆ ಹೋದರೆ ಬಾಕ್ಸೂ ಹೋದ ಹಾಗೇ. ಬೇಲಿ ಬೇರೆ ಬೇರೆ ಥರ ಇರುತ್ತದೆ, ಅಲ್ವಾ?

ಹುಡುಗನ ತಂದೆತಾಯಿ ಕೋರ್ಟಿಗೆ ಹೋದರು. ಆರೋಗ್ಯವಾಗಿದ್ದ ಹುಡುಗನ ಹೃದಯ ನಿಲ್ಲುತ್ತದೆ ಅಂತ ಯಾರು ಊಹಿಸಲು ಸಾಧ್ಯ ಅಂದಿತು ಕೆಳಗಿನ ಕೋರ್ಟ್. 1993ರಲ್ಲಿ ಥರ್ಡ್ ಸರ್ಕ್ಯೂಟ್ ಅನ್ನೋ ಫೆಡರಲ್ ಮೇಲ್ಮನವಿ ಕೋರ್ಟ್ ಇದನ್ನು ಒಪ್ಪಲಿಲ್ಲ. ಅದು ಎರಡು ಮಾತು ಹೇಳಿತು. ಆ ಹುಡುಗನನ್ನು ಲಕ್ರಾಸ್ ಆಡಲೆಂದೇ ಕಾಲೇಜು ಕರೆಸಿಕೊಂಡಿತ್ತು, ಬಿದ್ದಾಗಲೂ ಅವನು ಕಾಲೇಜು ತಂಡದ ಪ್ರಾಕ್ಟೀಸ್‌ನಲ್ಲೇ ಇದ್ದ. ಹಾಗಾಗಿ ಅವನಿಗೂ ಕಾಲೇಜಿಗೂ ವಿಶೇಷ ಸಂಬಂಧ ಇತ್ತು. ಸಂಜೆ ಸುಮ್ನೆ ಆಡಲು ಬಂದ ವಿದ್ಯಾರ್ಥಿಗೆ ಇದು ಅನ್ವಯಿಸುವುದಿಲ್ಲ. ಇನ್ನೊಂದು: ಇದೇ ಹುಡುಗನಿಗೆ ಹೀಗೇ ಆಗುತ್ತದೆ ಅಂತ ಗೊತ್ತಿರಬೇಕಿಲ್ಲ. ಮೈಗೆ ಮೈ ತಾಗಿಸಿ ಆಡುವ ಆಟದಲ್ಲಿ ಯಾರದಾದರೂ ಪ್ರಾಣಕ್ಕೆ ಕುತ್ತು ಬರಬಹುದು ಅನ್ನೋದು ಗೊತ್ತಿದ್ದರೆ ಸಾಕು.

ಪರೀಕ್ಷೆಯಲ್ಲಿ ಇಲ್ಲಿ ಎಡವಬೇಡಿ. ಕಾಲೇಜು ತಪ್ಪಿತಸ್ಥ ಅಂತ ಈ ಕೋರ್ಟ್ ಹೇಳಲಿಲ್ಲ. ಹೊಣೆ ಇತ್ತು ಅಂದಿತು. ಅದರಂತೆ ನಡೆದುಕೊಂಡರೋ ಇಲ್ಲವೋ ಅನ್ನೋದನ್ನು ಜ್ಯೂರಿಗೆ ಬಿಟ್ಟಿತು. ಕೇಸಿನ ಹೆಸರು ಕ್ಲೈನೆಕ್ಟ್ ವರ್ಸಸ್ ಗೆಟ್ಟಿಸ್‌ಬರ್ಗ್ ಕಾಲೇಜ್.

ಮುಂದಿನದು 2018ರ ಮೇರಿಲ್ಯಾಂಡ್ ವಿಶ್ವವಿದ್ಯಾಲಯ. ಇಲ್ಲಿ ಟ್ರೈನರ್‌ಗಳಿದ್ದರು, ಸಲಕರಣೆ ಇತ್ತು, ದುಡ್ಡಿಗಂತೂ ಕೊರತೆ ಇರಲಿಲ್ಲ. ಮೇ 29ರಂದು ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ 110 ಗಜದ ಓಟ, ಹತ್ತು ಸಲ. 19 ವರ್ಷದ ಜೋರ್ಡನ್ ಮೆಕ್‌ನೇರ್‌ಗೆ ಬಿಸಿಲಾಘಾತವಾಯಿತು. ಅವನನ್ನು ಮೈದಾನದಿಂದ ಆಚೆ ಕರೆದೊಯ್ಯಲು 34 ನಿಮಿಷ, ಆಂಬುಲೆನ್ಸ್ ಹೊರಡಲು 1 ಗಂಟೆ 39 ನಿಮಿಷ ಹಿಡಿಯಿತು. ಪ್ರಾಕ್ಟೀಸ್ ಜಾಗ ಅದೇ ದಿನ ಬದಲಾಗಿತ್ತು, ತಂಪು ಮಾಡುವ ಸಾಮಾನು ಅಲ್ಲಿಗೆ ಬಂದಿರಲಿಲ್ಲ. ತಣ್ಣೀರಿನ ತೊಟ್ಟಿಯಲ್ಲಿ ಅವನನ್ನು ಮುಳುಗಿಸಲೇ ಇಲ್ಲ. ಜೂನ್ 13ರಂದು ತೀರಿಕೊಂಡ.

ಬಿಸಿಲಾಘಾತಕ್ಕೆ ಸೂತ್ರ ಒಂದೇ: ಮೊದಲು ತಣ್ಣಗೆ ಮಾಡು, ಆಮೇಲೆ ಆಸ್ಪತ್ರೆಗೆ ಸಾಗಿಸು. ಅರ್ಧ ಗಂಟೆಯೊಳಗೆ ಮೈಶಾಖ ಇಳಿಸಿದರೆ ಬದುಕುವ ಸಾಧ್ಯತೆ ತುಂಬಾ ಜಾಸ್ತಿ. ನಾವು ಉಲ್ಟಾ ಮಾಡುತ್ತೇವೆ. ಯಾರಾದರೂ ಬಿದ್ದರೆ ಮೊದಲು ಆಟೋ ಹುಡುಕುತ್ತೇವೆ.

ತಮ್ಮ ಸಿಬ್ಬಂದಿಯ ತಪ್ಪಿಗೆ ಕಾನೂನಿನ ಹೊಣೆಯೂ ನೈತಿಕ ಹೊಣೆಯೂ ತಮ್ಮದೇ ಅಂತ ವಿಶ್ವವಿದ್ಯಾಲಯದ ಅಧ್ಯಕ್ಷರು ಒಪ್ಪಿಕೊಂಡರು. ಅಕ್ಟೋಬರ್ 30ರಂದು ಆಡಳಿತ ಮಂಡಳಿ ಮುಖ್ಯ ಕೋಚ್‌ನನ್ನು ಉಳಿಸಿಕೊಂಡಿತು, ಗಲಾಟೆ ಎದ್ದ ಮೇಲೆ ಮಾರನೇ ದಿನವೇ ಅಧ್ಯಕ್ಷರು ಅವನನ್ನು ತೆಗೆದರು. 2021ರಲ್ಲಿ ಕುಟುಂಬಕ್ಕೆ 35 ಲಕ್ಷ ಡಾಲರ್ ಪರಿಹಾರ ಒಪ್ಪಿಗೆಯಾಯಿತು.

ಹುಡುಗ ‘ಆಗಲ್ಲ ಸರ್’ ಅನ್ನಬಹುದಿತ್ತಲ್ಲ? ಇದು ಕ್ಲಾಸಿನಲ್ಲಿ ಯಾರಾದರೂ ಕೇಳೇ ಕೇಳುತ್ತಾರೆ. ತಂಡದಲ್ಲಿ ಜಾಗ ಕೊಡುವವನು, ಬೆಂಚಿನಲ್ಲಿ ಕೂರಿಸುವವನು ಕೋಚ್. 1973ರಿಂದ 2012ರ ತನಕ ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡೆಗೆ ನಿಯಮ ಮಾಡುವ ಸಂಸ್ಥೆ) ಕಾಲೇಜುಗಳಲ್ಲಿ ಕ್ರೀಡಾ ಸ್ಕಾಲರ್‌ಶಿಪ್ ಒಂದೊಂದೇ ವರ್ಷಕ್ಕೆ ಸಿಗುತ್ತಿತ್ತು. ಫೀಸು ಕೋಚ್ ಕೈಯಲ್ಲಿದ್ದಾಗ ‘ಆಗಲ್ಲ’ ಅನ್ನೋದು ಸುಲಭವಾ? ಅದಕ್ಕೇ ಆಟಗಾರನ ಆಟ ನಿಲ್ಲಿಸುವ ಅಧಿಕಾರ ವೈದ್ಯರ, ಟ್ರೈನರ್‌ಗಳ ಕೈಯಲ್ಲಿರಬೇಕು, ಕೋಚ್ ಅದನ್ನು ಪ್ರಶ್ನಿಸಬಾರದು ಅಂತ ದೊಡ್ಡ ಐದು ಕಾನ್ಫರೆನ್ಸ್‌ಗಳಲ್ಲಿ (ಕಾಲೇಜು ತಂಡಗಳ ಲೀಗ್‌ಗಳಲ್ಲಿ) ನಿಯಮ ಬಂತು. ನನ್ನ ಪ್ರಕಾರ ಈ ಪಾಠದಲ್ಲಿ ಇದೇ ಮುಖ್ಯ ಅಂಶ. ಮೇರಿಲ್ಯಾಂಡ್‌ಗೂ ಆ ನಿಯಮ ಅನ್ವಯಿಸುತ್ತಿತ್ತು ಅನ್ನೋದನ್ನೂ ಬರೆದುಕೊಳ್ಳಿ.

ಪ್ರಾಕ್ಟೀಸ್ ಸಮಯದ ಬಗ್ಗೆ ಎನ್‌ಸಿಎಎ ನಿಯಮ ಚಿಕ್ಕದು. ಸೀಸನ್‌ನಲ್ಲಿ ದಿನಕ್ಕೆ 4 ಗಂಟೆ, ವಾರಕ್ಕೆ 20 ಗಂಟೆ, ಒಂದು ದಿನ ರಜೆ. ಪಂದ್ಯದ ದಿನ ಎಷ್ಟೇ ಹೊತ್ತಾದರೂ ಲೆಕ್ಕಕ್ಕೆ ಮೂರೇ ಗಂಟೆ! ‘ಸ್ವಯಂಪ್ರೇರಿತ’ ಕಸರತ್ತು ಲೆಕ್ಕಕ್ಕಿಲ್ಲ. ಆದರೆ ಯಾರು ಬಂದರು, ಯಾರು ಬರಲಿಲ್ಲ ಅಂತ ಕೋಚ್‌ಗೆ ವರದಿ ಹೋಗುವಂತಿಲ್ಲ.

ಕೊನೆಗೆ ಸಹಿ ಹಾಕಿದ ಕಾಗದದ ವಿಷಯ. ಪೆನ್ಸಿಲ್ವೇನಿಯಾದ ಲಾಕವಾನಾ ಕಾಲೇಜಿನಲ್ಲಿ 2010ರಲ್ಲಿ ಫುಟ್‌ಬಾಲ್ ಪ್ರಾಕ್ಟೀಸ್ ವೇಳೆ ಇಬ್ಬರಿಗೆ ಪೆಟ್ಟಾಯಿತು. ಅಲ್ಲಿ ಟ್ರೈನರ್ ಕೆಲಸಕ್ಕಿದ್ದವರಿಗೆ ಲೈಸೆನ್ಸ್ ಇರಲಿಲ್ಲ. ಅದು ಗೊತ್ತಾದಾಗ ಕಾಲೇಜು ಅವರನ್ನು ‘ಫಸ್ಟ್ ರೆಸ್ಪಾಂಡರ್’ ಅಂತ ಕರೆಯಿತು. ಬದಲಾದದ್ದು ಹೆಸರು ಮಾತ್ರ. ‘ಏನಾದರೂ ಆದರೆ ಕೇಳುವುದಿಲ್ಲ’ ಅನ್ನುವ ಕಾಗದಕ್ಕೆ ಹುಡುಗರು ಸಹಿ ಹಾಕಿದ್ದರು. 2019ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು: ಸಾಮಾನ್ಯ ಅಜಾಗರೂಕತೆಯಾದರೆ ಆ ಸಹಿ ಕಾಲೇಜನ್ನು ಕಾಯುತ್ತದೆ, ಘೋರ ಅಜಾಗರೂಕತೆಯಾದರೆ ಕಾಯುವುದಿಲ್ಲ.