ಖಗೋಳ ಪಿಎಚ್‌ಡಿ ಅಂದ್ರೆ ರಾತ್ರಿಯಿಡೀ ಟೆಲಿಸ್ಕೋಪ್ ಕಾಯೋದಾ?

ಪ್ರಶ್ನೆ: ಎಂಎಸ್ಸಿ ಫಿಸಿಕ್ಸ್ ಮುಗೀತಾ ಬಂತು. ಖಗೋಳ ವಿಜ್ಞಾನದಲ್ಲಿ ಪಿಎಚ್‌ಡಿ ಮಾಡುವ ಆಸೆ. ಆದ್ರೆ ವರ್ಷಗಟ್ಟಲೆ ನಿದ್ದೆಗೆಟ್ಟು ಟೆಲಿಸ್ಕೋಪ್ ಮುಂದೆ ಕೂರಬೇಕಂತೆ, ನಿಜಾನಾ? ಐದು ವರ್ಷಕ್ಕೆ ಪ್ಲಾನ್ ಹೇಗೆ ಮಾಡೋದು?

ಈ ಪ್ರಶ್ನೆ ಬರದ ತಿಂಗಳಿಲ್ಲ. ಜೆಸ್ಟ್ ರಿಸಲ್ಟ್ ಬರುವ ಕಾಲಕ್ಕಂತೂ ಕೇಳಲೇಬೇಡಿ. ಜೆಸ್ಟ್, ಗೇಟ್, ನೆಟ್ ಎಂಬ ಪಿಎಚ್‌ಡಿ ಸೇರಲು ಬರೆಯುವ ಪರೀಕ್ಷೆಗಳ ಬಗ್ಗೆ ನಿಮಗೆ ಗೊತ್ತೇ ಇರುತ್ತದೆ, ಬಿಡಿ. ಪ್ಲಾನಿಗೆ ಆಮೇಲೆ ಬರೋಣ. ಮೊದಲು ಈ ನಿದ್ದೆಗೆಡುವ ಕಥೆಯನ್ನು ಬುಡಸಮೇತ ಕೀಳಬೇಕು.

ಟೆಲಿಸ್ಕೋಪಿಗೆ ಕಣ್ಣಿಟ್ಟು ಕೂರುವ ವಿಜ್ಞಾನಿ ಈಗ ಸಿನಿಮಾದಲ್ಲಿ ಮಾತ್ರ ಸಿಗುತ್ತಾರೆ. ಲಡಾಖಿನ ಹಾನ್ಲೆಯಲ್ಲಿ, ಸುಮಾರು 4500 ಮೀಟರ್ ಎತ್ತರದಲ್ಲಿ, ಹಿಮಾಲಯನ್ ಚಂದ್ರ ಟೆಲಿಸ್ಕೋಪ್ ಇದೆ. 2 ಮೀಟರ್ ಅಗಲದ ಕನ್ನಡಿ. ಅದನ್ನು ನಡೆಸುವುದು ಎಲ್ಲಿಂದ ಗೊತ್ತಾ? ನಮ್ಮ ಹೊಸಕೋಟೆಯಿಂದ, ಉಪಗ್ರಹ ಸಂಪರ್ಕದ ಮೂಲಕ. ಅಲ್ಲಿ ಚಳಿ ಸೊನ್ನೆಗಿಂತ ಕೆಳಗೆ ಇಳಿದಿರುತ್ತದೆ, ಇಲ್ಲಿ ನೀವು ಕಂಪ್ಯೂಟರ್ ಮುಂದೆ ಕುರ್ಚಿಯಲ್ಲಿ ಕೂತು, ಎಕ್ಸ್‌ಪೋಶರ್, ಅಂದ್ರೆ ಕ್ಯಾಮೆರಾ ಬೆಳಕು ಹಿಡಿಯುವ ಹೊತ್ತು, ಎಷ್ಟು ಸೆಕೆಂಡ್ ಎಂದು ಟೈಪ್ ಮಾಡಿ, ಹ್ಯುಮಿಡಿಟಿ ಏರುತ್ತಿದೆಯಾ ಎಂದು ನೋಡುತ್ತಿರುತ್ತೀರಿ. ಮೋಡ ಬಂತೋ, ಆ ರಾತ್ರಿಯ ಕೆಲಸ ಮುಗೀತು. ಇಂಥ ರಾತ್ರಿಗಳು ಇಲ್ಲ ಅಂತಲ್ಲ. ಆದ್ರೆ ವರ್ಷದಲ್ಲಿ ಕೆಲವೇ ಕೆಲವು. ಸಿಕ್ಕರೆ ಖುಷಿಪಡಿ.

ಆಕಾಶದಿಂದ ಬರುವ ರೇಡಿಯೊ ಅಲೆಗಳನ್ನು ಹಿಡಿಯುವ ರೇಡಿಯೊ ಖಗೋಳದವರಿಗೆ ಹಗಲೂ ಒಂದೇ, ರಾತ್ರಿಯೂ ಒಂದೇ. ಪುಣೆಯ ಆಚೆ ಖೋಡದ್ ಹತ್ತಿರ ಜಿಎಂಆರ್‌ಟಿ ಎಂಬ ರೇಡಿಯೊ ಟೆಲಿಸ್ಕೋಪಿನ 45 ಮೀಟರಿನ 30 ಡಿಶ್‌ಗಳಿವೆ. ಅವು ಮಧ್ಯಾಹ್ನ ಊಟದ ಹೊತ್ತಿಗೂ ಆಕಾಶ ನೋಡುತ್ತವೆ. 2015ರಲ್ಲಿ ಹಾರಿದ, ನಮ್ಮ ದೇಶದ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್‌ನ ಡೇಟಾ ನೀವು ಮಲಗಿರುವಾಗಲೇ ಕೆಳಗೆ ಬರುತ್ತದೆ. ಯುರೋಪಿನ ಗಯಾ ಉಪಗ್ರಹದ 2022ರ ಪಟ್ಟಿಯಲ್ಲಿ ಸುಮಾರು 180 ಕೋಟಿ ಆಕಾಶಕಾಯಗಳಿವೆ. ಯಾರು ಬೇಕಾದರೂ ಡೌನ್‌ಲೋಡ್ ಮಾಡಬಹುದು, ಪೈಸೆ ಖರ್ಚಿಲ್ಲ. ಥಿಯರಿ ಮಾಡುವವರಂತೂ ಒಂದೇ ಒಂದು ಟೆಲಿಸ್ಕೋಪ್ ಮುಟ್ಟದೆ ಡಾಕ್ಟರ್ ಆಗುತ್ತಾರೆ.

ಹಾಗಾದ್ರೆ ದಿನವಿಡೀ ಮಾಡುವುದೇನು? ಪೈಥಾನ್ ಭಾಷೆಯಲ್ಲಿ ಕೋಡಿಂಗ್. ಬೇರೆಯವರ ಪೇಪರ್, ಅಂದ್ರೆ ಸಂಶೋಧನಾ ಲೇಖನ, ಓದುವುದು. ಕೈಗೆ ಬಂದ ಫೈಲಿನಲ್ಲಿ ಚೆಂದದ ಗ್ಯಾಲಕ್ಸಿ ಇರುವುದಿಲ್ಲ, ಅಂಕಿಗಳು ಇರುತ್ತವೆ. ಅದರಲ್ಲಿ ಬಯಾಸ್ (ಕ್ಯಾಮೆರಾ ತಾನೇ ಸೇರಿಸಿದ ಅಂಕಿ) ಕಳೆಯಬೇಕು, ಫ್ಲ್ಯಾಟ್‌ನಿಂದ (ಒಂದೇ ಸಮ ಬೆಳಕಿನಲ್ಲಿ ತೆಗೆದ ಚಿತ್ರ) ಭಾಗಿಸಬೇಕು, ಕಾಸ್ಮಿಕ್ ಕಿರಣ ಬಡಿದ ಚುಕ್ಕೆಗಳನ್ನು ತೆಗೆಯಬೇಕು. ರೇಡಿಯೊ ಆದ್ರೆ ಮನುಷ್ಯರು ಎಬ್ಬಿಸಿದ ಗದ್ದಲವನ್ನೆಲ್ಲ ಹುಡುಕಿ ಹುಡುಕಿ ಎಸೆಯಬೇಕು. ಅಕ್ಕಿ ಆರಿಸುವ ತಾಳ್ಮೆ ಇದ್ದವರಿಗೆ ಇದು ಒಗ್ಗುತ್ತದೆ.

ಇಷ್ಟು ಕೂಗಾಡುವುದು ಯಾಕೆ ಅಂದ್ರೆ, ಈ ಕಥೆ ನಂಬಿ "ರಾತ್ರಿ ಕೆಲಸ ಬೇಡಮ್ಮ" ಎಂದು ಮಗಳ ಅರ್ಜಿಯನ್ನೇ ತಡೆದ ಮನೆಗಳಿವೆ. ಇನ್ನು ಕೆಲವರು ನಕ್ಷತ್ರ ನೋಡುವ ಆಸೆಗೇ ಸೇರಿ, ಆರು ತಿಂಗಳು ಕೋಡಿಂಗ್ ಮಾಡಿ ಮುಖ ಸಪ್ಪೆ ಮಾಡಿಕೊಳ್ಳುತ್ತಾರೆ.

ಸರಿ, ಈಗ ಪ್ಲಾನ್. ಹಿಂದಿನಿಂದ ಎಣಿಸಿ. ಆಗಸ್ಟ್ 2026ಕ್ಕೆ ಸೇರಿದಿರಿ ಅಂದುಕೊಳ್ಳೋಣ. 2031ರ ಮಧ್ಯದಲ್ಲಿ ಥೀಸಿಸ್ ಕೊಡಬೇಕು. ಪೋಸ್ಟ್‌ಡಾಕ್, ಅಂದ್ರೆ ಪಿಎಚ್‌ಡಿ ಆದ ಮೇಲಿನ ಸಂಶೋಧನಾ ಕೆಲಸ, ಅದರ ಅರ್ಜಿಗಳ ಗಡುವು ಹೆಚ್ಚಾಗಿ ಅಕ್ಟೋಬರ್‌ನಿಂದ ಡಿಸೆಂಬರ್ ಒಳಗೆ, ಕೆಲಸ ಶುರುವಾಗುವುದು ಮುಂದಿನ ವರ್ಷ. ಅಂದ್ರೆ ನೀವು ಅರ್ಜಿ ಹಾಕುವುದು 2030ರಲ್ಲಿ, ಥೀಸಿಸ್ ಬರೆಯುವುದಕ್ಕೂ ಮೊದಲು! ಆ ಹೊತ್ತಿಗೆ ಒಂದೆರಡು ಪೇಪರ್ ಆಚೆ ಬಂದಿರಬೇಕು. ಒಂದು ಪೇಪರಿಗೆ ಎಷ್ಟು ಕಾಲ? ಜಿಎಂಆರ್‌ಟಿಯಲ್ಲಿ ಟೆಲಿಸ್ಕೋಪ್ ಬಳಸುವ ಸಮಯ ಹಂಚುವುದು ಅರ್ಧ ವರ್ಷಕ್ಕೊಮ್ಮೆ. ಜುಲೈನಲ್ಲಿ ಪ್ರೊಪೋಸಲ್, ಅಂದ್ರೆ ಆ ಸಮಯ ಕೇಳುವ ಅರ್ಜಿ, ಹಾಕಿದರೆ ಅಕ್ಟೋಬರ್ ಆದ ಮೇಲೆ ಸರದಿ, ಆಮೇಲೆ ಡೇಟಾ ತೊಳೆಯುವುದು, ಬರೆಯುವುದು, ಪೇಪರ್ ಪರಿಶೀಲಿಸುವ ರೆಫರಿ ಜತೆ ಜಗ್ಗಾಟ. ಒಂದೂವರೆ ವರ್ಷ ಸಲೀಸಾಗಿ ಹೋಗುತ್ತದೆ. ಪ್ರೊಪೋಸಲ್ ತಿರಸ್ಕಾರವಾದರೆ ಇನ್ನೂ ಜಾಸ್ತಿ.

ಅದಕ್ಕೇ ಮೊದಲ ಪೇಪರ್ ಆಗಲೇ ಆರ್ಕೈವ್‌ನಲ್ಲಿ, ಅಂದ್ರೆ ಹಳೆಯ ಡೇಟಾದ ಸಂಗ್ರಹದಲ್ಲಿ, ಬಿದ್ದಿರುವ ಡೇಟಾದಿಂದ ಮಾಡಿ. ಪಿಎಚ್‌ಡಿ ಶುರುವಿನಲ್ಲಿ ಪಾಠ ಕೇಳುವ ಕೋರ್ಸ್‌ವರ್ಕ್ ವರ್ಷದ ಪ್ರಾಜೆಕ್ಟನ್ನೇ ಅದಕ್ಕೆ ಬಳಸಿ. ಹೊಸ ಅಬ್ಸರ್ವೇಶನ್ ಎರಡನೇ, ಮೂರನೇ ಪೇಪರಿಗಿರಲಿ. ಒಂದೇ ಟೆಲಿಸ್ಕೋಪನ್ನು, ಅದರಲ್ಲೂ ಇನ್ನೂ ಹಾರದ ಉಪಗ್ರಹವನ್ನು ನಂಬಿ ಇಡೀ ಥೀಸಿಸ್ ಕಟ್ಟಬೇಡಿ. ಗೈಡ್ ಎಷ್ಟೇ ಉತ್ಸಾಹದಿಂದ ಹೇಳಲಿ, "ಡೇಟಾ ಬರದಿದ್ರೆ ಏನು ಮಾಡೋದು ಸರ್?" ಎಂದು ಕೇಳಿಬಿಡಿ. ಒಳ್ಳೆಯ ಗೈಡ್ ಬೇಜಾರು ಮಾಡಿಕೊಳ್ಳುವುದಿಲ್ಲ.

ಯಾರೂ ಕೇಳದ ಇನ್ನೊಂದು ಮಾತು. ನೀವು ಕೂರುವ ಸಂಸ್ಥೆ ಒಂದು, ಡಿಗ್ರಿ ಕೊಡುವ ವಿಶ್ವವಿದ್ಯಾಲಯ ಇನ್ನೊಂದು ಆಗಿರಬಹುದು. ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದವರ ಸರ್ಟಿಫಿಕೇಟಿನಲ್ಲಿ ದೆಹಲಿಯ ಜೆಎನ್‌ಯು ಹೆಸರಿರುತ್ತದೆ. ಊರಿನಲ್ಲಿ "ಬೆಂಗಳೂರಲ್ಲಿ ಓದಿ ದೆಹಲಿ ಡಿಗ್ರಿ ಹೇಗೆ?" ಎಂದು ಕೇಳುವವರಿಗೆ ಏನಾದರೂ ಹೇಳಿಕೊಳ್ಳಿ, ಅದು ದೊಡ್ಡ ವಿಷಯ ಅಲ್ಲ. ತೊಂದರೆ ಇರುವುದು ತಾರೀಖಿನಲ್ಲಿ. ಸಂಸ್ಥೆಗೆ ಸೇರಿದ ದಿನ ಬೇರೆ, ವಿಶ್ವವಿದ್ಯಾಲಯದಲ್ಲಿ ನೋಂದಣಿಯಾದ ದಿನ ಬೇರೆ ಇರಬಹುದು. ಫೆಲೋಶಿಪ್ ಯಾವುದರಿಂದ ಲೆಕ್ಕ, ಥೀಸಿಸ್ ಗಡುವು ಯಾವುದರಿಂದ ಲೆಕ್ಕ ಎಂದು ಮೊದಲ ವಾರವೇ ಆಫೀಸಿನಲ್ಲಿ ಕೇಳಿ, ಬರೆದಿಟ್ಟುಕೊಂಡು, ಆಮೇಲೆ ಮೇಲಿನ ಲೆಕ್ಕ ಹಾಕಿ.