ಭಾನುವಾರ ರಾತ್ರಿ ಎಂಟೂವರೆಗೆ ಹೊಸ ಅಧ್ಯಾಯ: ಮಾಂಗಾ ಅನುವಾದ ಇಷ್ಟು ಬೇಗ ಬರುವಂತಾಗಿದ್ದು ಹೇಗೆ?

ಜಪಾನಿನಲ್ಲಿ ಸೋಮವಾರ ಶುರುವಾಗುವಾಗ ನಮ್ಮಲ್ಲಿನ್ನೂ ಭಾನುವಾರ ರಾತ್ರಿ ಎಂಟೂವರೆ. ಸರಿಯಾಗಿ ಆ ಹೊತ್ತಿಗೆ 'ಮಾಂಗಾ ಪ್ಲಸ್' ಆ್ಯಪ್‌ಗೆ 'ಒನ್ ಪೀಸ್' ಎಂಬ ಮಾಂಗಾದ, ಅಂದರೆ ಜಪಾನೀ ಕಾಮಿಕ್ಸ್‌ನ, ಹೊಸ ಅಧ್ಯಾಯ ಬಂದು ಬೀಳುತ್ತದೆ, ಆ ವಾರ ಲೇಖಕರು ರಜೆ ಹಾಕಿಲ್ಲದಿದ್ದರೆ. ಅದು ಅಚ್ಚಾಗುವ 'ಶೊನೆನ್ ಜಂಪ್' ವಾರಪತ್ರಿಕೆ ಟೋಕಿಯೋದ ಅಂಗಡಿಗಳಲ್ಲಿ ಮಾರಾಟವಾಗುವುದೂ ಅದೇ ಸೋಮವಾರ. ಅಂದರೆ ಅಲ್ಲಿನ ಹುಡುಗ ಬೆಳಗ್ಗೆ ಎದ್ದು ಪತ್ರಿಕೆ ಕೊಳ್ಳುವ ಮೊದಲೇ ಜಯನಗರದ ಹುಡುಗಿ ಅದನ್ನು ಇಂಗ್ಲಿಷ್‌ನಲ್ಲಿ ಓದಿ ಮುಗಿಸಿರಬಹುದು. ಅದೂ ಪುಕ್ಕಟೆ.

ಈಗಿನ ಓದುಗರಿಗೆ ಇದು ವಿಶೇಷ ಅಂತ ಅನ್ನಿಸುವುದಿಲ್ಲ. ಆದರೆ 'ಒನ್ ಪೀಸ್' ಜಪಾನಿನಲ್ಲಿ ಶುರುವಾಗಿದ್ದು 1997ರಲ್ಲಿ. ಅದರ ಮೊದಲ ಇಂಗ್ಲಿಷ್ ಪುಸ್ತಕ ಅಮೆರಿಕದಲ್ಲಿ ಬಂದಿದ್ದು 2003ರಲ್ಲಿ. ಆರು ವರ್ಷದ ಅಂತರ ಅಂದರೆ ಆ ಕಾಲಕ್ಕೆ ಬೇಗ ಬಂತು ಅಂತಲೇ ಲೆಕ್ಕ. ಆ ಅಂತರವನ್ನು ಅಳಿಸಿದವರು ಪ್ರಕಾಶಕರು ಅಂತ ಈಗ ಪ್ರಕಾಶಕರು ಹೇಳಿಕೊಳ್ಳುತ್ತಾರೆ. ಇತಿಹಾಸ ನೋಡಿದರೆ ಕತೆ ಬೇರೆಯೇ ಇದೆ. ಬಹುತೇಕ ಪ್ರತಿ ಹೆಜ್ಜೆಯಲ್ಲೂ ಮುಂದೆ ಹೋದವರು ಸಂಬಳವಿಲ್ಲದ ಓದುಗರು. ಕಂಪನಿಗಳು ಹಿಂದೆ ಓಡಿಬಂದವು.

ಮೊದಮೊದಲ ಉದಾಹರಣೆಯೇ ಹಾಗಿದೆ. ಹಿರೋಶಿಮಾದ ಬಾಂಬ್ ದಾಳಿಯಲ್ಲಿ ಬದುಕುಳಿದ ಕೇಜಿ ನಕಜವಾ ತಮ್ಮ ಬಾಲ್ಯವನ್ನು ಆಧರಿಸಿ 'ಬೇರ್‌ಫುಟ್ ಜೆನ್' ಬರೆದರು. ಅದನ್ನು ಇಂಗ್ಲಿಷ್‌ಗೆ ತರಲು 1976ರಲ್ಲಿ ಟೋಕಿಯೋದಲ್ಲಿ ಸ್ವಯಂಸೇವಕರ ಗುಂಪೊಂದು ಸೇರಿತು. ಲಾಭದ ಆಸೆ ಯಾರಿಗೂ ಇರಲಿಲ್ಲ. ಅಣುಬಾಂಬ್ ಏನು ಮಾಡುತ್ತದೆ ಅಂತ ಜಗತ್ತಿಗೆ ಗೊತ್ತಾಗಬೇಕಿತ್ತು, ಅಷ್ಟೇ. ಇಂಗ್ಲಿಷ್‌ಗೆ ಬಂದ ಮೊದಲ ಮಾಂಗಾಗಳಲ್ಲಿ ಅದೂ ಒಂದು.

ವ್ಯಾಪಾರ ಶುರುವಾಗಿದ್ದು ಹತ್ತು ವರ್ಷದ ನಂತರ. 1986ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಿಜ್ ಕಂಪನಿ ಹುಟ್ಟಿತು. ಮರುವರ್ಷ ಅದು ಎಕ್ಲಿಪ್ಸ್ ಎಂಬ ಕಾಮಿಕ್ಸ್ ಪ್ರಕಾಶನದ ಜೊತೆ ಸೇರಿ ಮೂರು ಮಾಂಗಾಗಳನ್ನು ಅಮೆರಿಕದ ಕಾಮಿಕ್ಸ್ ಥರ ತೆಳು ಸಂಚಿಕೆಗಳಾಗಿ ತಂದಿತು. 1988ರಲ್ಲಿ ಮಾರ್ವೆಲ್‌ನ ಎಪಿಕ್ ವಿಭಾಗ 'ಅಕಿರಾ'ವನ್ನು ಕಂಪ್ಯೂಟರ್‌ನಲ್ಲಿ ಬಣ್ಣ ತುಂಬಿಸಿ ಪ್ರಕಟಿಸತೊಡಗಿತು. ಎಲ್ಲರಿಗೂ ಒಂದೇ ಹೆದರಿಕೆ: ಮಾಂಗಾ ಬಲದಿಂದ ಎಡಕ್ಕೆ ಓದುವಂಥದ್ದು, ಅಮೆರಿಕದ ಓದುಗ ಹಾಗೆ ಓದುತ್ತಾನಾ? ಹಾಗಾಗಿ ಪ್ರತಿ ಪುಟವನ್ನೂ ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿಸಿ ಅಚ್ಚು ಹಾಕುತ್ತಿದ್ದರು.

ಇದರಿಂದ ಆದ ಎಡವಟ್ಟು ಒಂದೆರಡಲ್ಲ. ಸಮುರಾಯ್‌ಗಳೆಲ್ಲ ಎಡಚರಾದರು. ಬೇಸ್‌ಬಾಲ್ ಆಟಗಾರ ಚೆಂಡು ಹೊಡೆದು ತಪ್ಪು ದಿಕ್ಕಿಗೆ ಓಡಿದ. ಎಲ್ಲಕ್ಕಿಂತ ವಿಚಿತ್ರ ಕಿಮೋನೋದ್ದು. ಜಪಾನಿನಲ್ಲಿ ಬದುಕಿರುವವರು ಕಿಮೋನೋದ ಎಡ ಮಡಿಕೆಯನ್ನು ಬಲದ ಮೇಲೆ ತರುತ್ತಾರೆ. ಬಲ ಮಡಿಕೆ ಮೇಲೆ ಬರುವುದು ಹೆಣಕ್ಕೆ ಉಡಿಸುವಾಗ ಮಾತ್ರ. ಪುಟ ತಿರುಗಿಸಿದ ಕೂಡಲೇ ಕತೆಯಲ್ಲಿರುವ ಅಷ್ಟೂ ಜನ ಹೆಣದ ಉಡುಪಿನಲ್ಲಿ ಓಡಾಡತೊಡಗಿದರು! ಲೇಖಕರಿಗೆ ಸಿಟ್ಟು ಬರದೆ ಇರುತ್ತದಾ? ಜೊತೆಗೆ ತಿರುಗಿಸುವುದು, ಮಾತಿನ ಗುಳ್ಳೆಗಳನ್ನು ಸರಿಹೊಂದಿಸುವುದು, ಚಿತ್ರದೊಳಗಿನ ಸದ್ದಿನ ಅಕ್ಷರಗಳನ್ನು ಅಳಿಸಿ ಮತ್ತೆ ಬಿಡಿಸುವುದು, ಇದಕ್ಕೆಲ್ಲ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ದುಡ್ಡೂ ಜಾಸ್ತಿ.

2002ರಲ್ಲಿ ಟೋಕಿಯೋಪಾಪ್ ಎಂಬ ಕಂಪನಿ ಈ ತಿರುಗಿಸುವ ಕೆಲಸವನ್ನೇ ಕೈಬಿಟ್ಟಿತು. 'ಇದು ಅಪ್ಪಟ ಮಾಂಗಾ, ಬಲದಿಂದಲೇ ಓದಿ' ಅಂತ ಅದನ್ನೇ ಜಾಹೀರಾತು ಮಾಡಿಕೊಂಡಿತು. ಜಾಣತನ ನೋಡಿ: ಖರ್ಚು ಉಳಿಯಿತು, ಸಮಯ ಉಳಿಯಿತು, ಓದುಗರಿಗೆ ಅಸಲಿ ಮಾಲು ಸಿಕ್ಕ ಖುಷಿ ಬೇರೆ. ಪುಸ್ತಕದ ಬೆಲೆ ಹತ್ತು ಡಾಲರ್‌ಗೆ ಒಂದು ಸೆಂಟ್ ಕಮ್ಮಿ. ಕಾಮಿಕ್ಸ್ ಅಂಗಡಿಯ ಕಡೆ ತಲೆಹಾಕದಿದ್ದ ಹುಡುಗಿಯರು ದೊಡ್ಡ ಪುಸ್ತಕದಂಗಡಿಗಳ ನೆಲದ ಮೇಲೆ ಕೂತು ಮಾಂಗಾ ಓದತೊಡಗಿದ್ದು ಈ ಹೊತ್ತಿನಲ್ಲೇ. ಕೊರಿಯಾದ ಕಾಮಿಕ್ಸ್, ಅಂದರೆ ಮನ್ಹ್ವಾ, ಇಂಗ್ಲಿಷ್ ಓದುಗರ ಕೈಗೆ ಸಿಕ್ಕಿದ್ದೂ ಹೀಗೆಯೇ. ಅದೇ ಕಪಾಟಿನಲ್ಲಿ, ಅದೇ ಅಳತೆಯಲ್ಲಿ ಮಾಂಗಾ ಪಕ್ಕ ಬಂದು ಕೂತಿತು. ಎಷ್ಟೋ ಜನರಿಗೆ ಎರಡಕ್ಕೂ ವ್ಯತ್ಯಾಸ ಇದೆ ಅಂತಲೇ ಗೊತ್ತಿರಲಿಲ್ಲ.

ಪುಸ್ತಕಗಳು ಬಂದವು, ಆದರೂ ಅಂತರ ಹೋಗಲಿಲ್ಲ. ಆ ಜಾಗಕ್ಕೆ ನುಗ್ಗಿದ್ದು ಸ್ಕ್ಯಾನ್ಲೇಷನ್, ಅಂದರೆ ಅಭಿಮಾನಿಗಳೇ ಅನುಮತಿಯಿಲ್ಲದೆ ಸ್ಕ್ಯಾನ್ ಮಾಡಿ, ಅನುವಾದಿಸಿ ಇಂಟರ್ನೆಟ್‌ನಲ್ಲಿ ಹಂಚುವುದು.

ಇದು ಸುಮ್ನೆ ಕಳ್ಳತನ ಅಂತ ತಳ್ಳಿಹಾಕುವವರು ಅದರ ಹಿಂದಿನ ಕೆಲಸವನ್ನು ನೋಡಿರುವುದಿಲ್ಲ. ಜಪಾನಿನಲ್ಲಿರುವ ಒಬ್ಬ ಪತ್ರಿಕೆ ಕೊಂಡು, ಬೆನ್ನು ಕತ್ತರಿಸಿ, ಹಾಳೆ ಹಾಳೆ ಬಿಡಿಸಿ ಸ್ಕ್ಯಾನ್ ಮಾಡುತ್ತಾನೆ. ಇದಕ್ಕೆ 'ರಾ' ಅಂತಾರೆ. ಕ್ಲೀನರ್ ಆದವನು ಅಗ್ಗದ ಕಾಗದದ ಬೂದು ಬಣ್ಣ ತೆಗೆದು, ಕಪ್ಪನ್ನು ಕಪ್ಪು, ಬಿಳಿಯನ್ನು ಬಿಳಿ ಮಾಡುತ್ತಾನೆ. ಇನ್ನೊಬ್ಬ ಗುಳ್ಳೆಯೊಳಗಿನ ಜಪಾನೀ ಅಕ್ಷರ ಒರೆಸುತ್ತಾನೆ. ಅಕ್ಷರ ಚಿತ್ರದ ಮೇಲೆಯೇ ಇದ್ದರೆ ಕೆಳಗಿನ ಗೆರೆಗಳನ್ನು ಊಹಿಸಿ ಮತ್ತೆ ಬಿಡಿಸಬೇಕು. ಅನುವಾದಕ, ಟೈಪ್‌ಸೆಟರ್, ಕರಡು ತಿದ್ದುವವನು, ಹೀಗೆ ಒಬ್ಬರ ಮುಖ ಒಬ್ಬರು ನೋಡಿರದ ಏಳೆಂಟು ಜನ ಬೇರೆ ಬೇರೆ ದೇಶಗಳಲ್ಲಿ ಕೂತು ರಾತ್ರೋರಾತ್ರಿ ಇಪ್ಪತ್ತು ಪುಟ ಮುಗಿಸುತ್ತಿದ್ದರು. ಮೊದಮೊದಲು ಅವರದೇ ಒಂದು ನೇಮ ಇತ್ತು. ಅಧಿಕೃತ ಅನುವಾದ ಘೋಷಣೆಯಾದರೆ ತಮ್ಮದನ್ನು ನಿಲ್ಲಿಸಿಬಿಡುವುದು.

ಆ ನೇಮ ಮುರಿದಿದ್ದು ಇವರೆಲ್ಲರ ಕೆಲಸವನ್ನು ಒಂದೆಡೆ ಗುಡ್ಡೆ ಹಾಕಿ, ಜಾಹೀರಾತು ತೋರಿಸಿ ದುಡ್ಡು ಮಾಡಿದ ಸೈಟ್‌ಗಳು. ಓದುಗರಿಗೆ ಎಲ್ಲವೂ ಒಂದೇ ಕಡೆ, ಇವತ್ತೇ ಸಿಕ್ಕಿತು. ಅಂಗಡಿಯ ಪುಸ್ತಕ ಹಳಸಲಾಯಿತು. ಕಂಪನಿಗಳ ಗಾಬರಿ ಹೇಗಿತ್ತು ಅಂದರೆ, 2007ರ ಕೊನೆಯ ನಾಲ್ಕು ತಿಂಗಳಲ್ಲಿ ವಿಜ್ 'ನರುಟೋ'ದ ಮೂರು ಮೂರು ಸಂಪುಟಗಳನ್ನು ಪ್ರತಿ ತಿಂಗಳೂ ಹೊರತಂದಿತು. 2010ರ ಮೊದಲ ಆರು ತಿಂಗಳಲ್ಲಿ 'ಒನ್ ಪೀಸ್'ನ 30 ಸಂಪುಟ, ತಿಂಗಳಿಗೆ ಐದರಂತೆ. ಯಾವ ಮಗು ತಾನೇ ತಿಂಗಳಿಗೆ ಐವತ್ತು ಡಾಲರ್ ಕೊಟ್ಟು ಒಂದೇ ಕತೆ ಕೊಳ್ಳುತ್ತದೆ? ಅದೇ ವರ್ಷ ಜೂನ್‌ನಲ್ಲಿ ಜಪಾನಿನ 36 ಪ್ರಕಾಶಕರು ಅಮೆರಿಕದ ಪ್ರಕಾಶಕರ ಜೊತೆ ಸೇರಿ ಈ ಸೈಟ್‌ಗಳ ಮೇಲೆ ಸಮರ ಸಾರಿದರು. ಜುಲೈನಲ್ಲಿ 'ಒನ್‌ಮಾಂಗಾ' ಬಾಗಿಲು ಹಾಕಿತು. ಓದುಗರು ಮರುದಿನವೇ ಬೇರೆ ಸೈಟ್‌ಗೆ ಹೋದರು. 2011ರಲ್ಲಿ ಬಾರ್ಡರ್ಸ್ ಪುಸ್ತಕದಂಗಡಿ ಸರಣಿ ದಿವಾಳಿಯಾಯಿತು. ಅಲ್ಲಿನ ಮಾರಾಟವನ್ನು ತುಂಬಾ ನಂಬಿಕೊಂಡಿದ್ದ ಟೋಕಿಯೋಪಾಪ್ ಅಮೆರಿಕದ ಪ್ರಕಾಶನ ನಿಲ್ಲಿಸಿತು.

ಪೆಟ್ಟು ತಿಂದ ಮೇಲೆ ಪಾಠ ಬಂತು. 2012ರ ಜನವರಿಯಲ್ಲಿ ವಿಜ್ ಡಿಜಿಟಲ್ ವಾರಪತ್ರಿಕೆ ಶುರು ಮಾಡಿತು. ಮೊದಲು ಕೆಲವು ವಾರದ ಅಂತರ, ಒಂದು ವರ್ಷದ ನಂತರ ಜಪಾನಿನ ಜೊತೆಗೇ ಬಿಡುಗಡೆ. 2018ರ ಡಿಸೆಂಬರ್‌ನಲ್ಲಿ ನಿಜವಾದ ತಿರುವು: ಹೊಸ ಅಧ್ಯಾಯಗಳು ಉಚಿತ, ಹಳೆಯದೆಲ್ಲ ಬೇಕೆಂದರೆ ತಿಂಗಳಿಗೆ ಎರಡು ಡಾಲರ್. ಈ ಸೌಲಭ್ಯ ಸಿಕ್ಕ ದೇಶಗಳ ಪಟ್ಟಿಯಲ್ಲಿ ಭಾರತವೂ ಇತ್ತು. ಮರು ತಿಂಗಳೇ 'ಶೊನೆನ್ ಜಂಪ್' ಪ್ರಕಟಿಸುವ ಜಪಾನಿನ ಶುಎಶಾ ಪ್ರಕಾಶನ ತನ್ನದೇ ಮಾಂಗಾ ಪ್ಲಸ್ ತೆರೆಯಿತು. ಜಪಾನ್, ಚೀನಾ, ದಕ್ಷಿಣ ಕೊರಿಯಾ ಬಿಟ್ಟು ಜಗತ್ತಿಗೆಲ್ಲ. ಕಳ್ಳ ಸೈಟ್ ಏನು ಕೊಡುತ್ತಿತ್ತೋ ಅದನ್ನೇ ಅದಕ್ಕಿಂತ ಚೆನ್ನಾಗಿ ಕೊಡುವುದು. ಇಷ್ಟು ಹೊಳೆಯಲು ಹತ್ತು ವರ್ಷ ಬೇಕಾಯಿತು.

ಕಳ್ಳತನ ನಿಂತಿತಾ? ಇಲ್ಲ. ಪತ್ರಿಕೆ ಅಂಗಡಿಗೆ ಕೆಲವು ದಿನ ಮುಂಚೆಯೇ ತಲುಪುತ್ತದೆ. ಯಾರೋ ಫೋಟೋ ಹೊಡೆದು ಹರಿಬಿಡುತ್ತಾರೆ. 2024ರ ಫೆಬ್ರವರಿಯಲ್ಲಿ ಹಾಗೆ ಮಾಡಿದ ಆರೋಪದ ಮೇಲೆ ಕುಮಾಮೊಟೊ ಪೊಲೀಸರು ಇಬ್ಬರನ್ನು ಬಂಧಿಸಿದರು. 2025ರ ಮೇ ತಿಂಗಳಲ್ಲಿ ಅಭಿಮಾನಿಗಳ ದೊಡ್ಡ ತಾಣ 'ಮಾಂಗಾಡೆಕ್ಸ್' ಪ್ರಕಾಶಕರ ನೋಟಿಸ್‌ಗೆ ಮಣಿದು 700ಕ್ಕೂ ಹೆಚ್ಚು ಕೃತಿಗಳನ್ನು ತೆಗೆಯಿತು.

ಕೊರಿಯಾದ ದಾರಿಯೇ ಬೇರೆ. ಅಲ್ಲಿ ಕಾಗದದ ಕಾಮಿಕ್ಸ್ ತೊಂಬತ್ತರ ದಶಕದ ಕೊನೆಗೆ ಹೆಚ್ಚುಕಮ್ಮಿ ನೆಲಕಚ್ಚಿತ್ತು. 1997ರಲ್ಲಿ ಮಕ್ಕಳ ರಕ್ಷಣೆಯ ಹೆಸರಿನ ಕಾನೂನು ಬಂತು, ಕಾಮಿಕ್ಸ್ ಮೇಲೆ ಸರ್ಕಾರದ ಕಣ್ಣು ಬಿತ್ತು. ಅದೇ ವರ್ಷ ಆರ್ಥಿಕ ಬಿಕ್ಕಟ್ಟು. ಕೆಲಸ ಕಳೆದುಕೊಂಡವರು ಬೀದಿಬೀದಿಯಲ್ಲಿ ಪುಸ್ತಕ ಬಾಡಿಗೆಗೆ ಕೊಡುವ ಅಂಗಡಿ ಹಾಕಿದರು. ಒಂದು ಪ್ರತಿಯನ್ನು ನೂರು ಜನ ಬಾಡಿಗೆಗೆ ಓದಿದರೆ ಬರೆದವರಿಗೆ ಏನು ಸಿಗುತ್ತದೆ? ಆದರೆ ಅಷ್ಟರಲ್ಲಿ ದೇಶದ ತುಂಬಾ ವೇಗದ ಇಂಟರ್ನೆಟ್ ಬಂದಿತ್ತು. ದೌಮ್, ನೇವರ್‌ನಂಥ ಪೋರ್ಟಲ್‌ಗಳಿಗೆ ಜನರನ್ನು ಸೆಳೆದಿಡುವ ಸರಕು ಬೇಕಿತ್ತು. 2003ರಲ್ಲಿ ದೌಮ್, 2004ರಲ್ಲಿ ನೇವರ್ ವೆಬ್‌ಟೂನ್ ಶುರು ಮಾಡಿದವು. ಪುಟ ಅನ್ನುವುದೇ ಇಲ್ಲ, ಮೇಲಿನಿಂದ ಕೆಳಗೆ ಜಾರಿಸುತ್ತಾ ಹೋಗುವ ಒಂದೇ ಉದ್ದನೆಯ ಪಟ್ಟಿ. ಮುಂದೆ ಸ್ಮಾರ್ಟ್‌ಫೋನ್ ಬಂದಾಗ ಅದಕ್ಕೆಂದೇ ಮಾಡಿಟ್ಟ ಹಾಗೆ ಕೂತಿತು.

ಅನುವಾದಕ್ಕೂ ಇದು ಸಲೀಸು. ಎಡ-ಬಲದ ರಗಳೆ ಇಲ್ಲ. ಕಡತದಲ್ಲಿ ಚಿತ್ರ ಬೇರೆ ಪದರ, ಮಾತು ಬೇರೆ ಪದರ. ಮಾತು ತೆಗೆದು ಇನ್ನೊಂದು ಭಾಷೆ ತುಂಬಿದರಾಯಿತು. 2014ರ ಜುಲೈನಲ್ಲಿ ನೇವರ್ ಇಂಗ್ಲಿಷ್ ಆವೃತ್ತಿ ತೆರೆಯಿತು. ಅದೇ ವರ್ಷ ಕಕಾವೊ ಕಂಪನಿ ಇನ್ನೊಂದು ಉಪಾಯ ಹೂಡಿತು. ಮುಂದಿನ ಕಂತಿಗೆ ಕಾದರೆ ಪುಕ್ಕಟೆ, ಕಾಯಲಾರೆ ಅಂದರೆ ದುಡ್ಡು. ಮಾಂಗಾ ಪ್ರಕಾಶಕರು ಕಾಯುವಿಕೆಯನ್ನು ಇಲ್ಲವಾಗಿಸಲು ಒದ್ದಾಡುತ್ತಿದ್ದಾಗ ಕೊರಿಯಾದವರು ಅದನ್ನೇ ಮಾರಾಟಕ್ಕಿಟ್ಟರು! ನನಗಂತೂ ಈ ಇಡೀ ಇತಿಹಾಸದಲ್ಲಿ ಅತ್ಯಂತ ಚಾಲಾಕಿ ಐಡಿಯಾ ಅಂದರೆ ಇದೇ. ಸ್ವಲ್ಪ ಕೆಟ್ಟದ್ದೂ ಹೌದು.

ಕಾದಂಬರಿಯಿಂದ ವೆಬ್‌ಟೂನ್ ಆಗಿ 2018ರಲ್ಲಿ ಶುರುವಾದ 'ಸೋಲೋ ಲೆವೆಲಿಂಗ್' ಈ ದಾರಿಯ ದೊಡ್ಡ ಗೆಲುವು. ಅದು ಜಪಾನಿಗೆ ಹೋದ ಬಗೆ ಮಜವಾಗಿದೆ. ನಾಯಕ ಸಂಗ್ ಜಿನ್‌ವೂ ಅಲ್ಲಿ ಮಿಜುಶಿನೊ ಶುನ್ ಆದ. ಕೊರಿಯಾ ಜಪಾನ್ ಆಯಿತು. ಹಾಗಾದರೆ ಮೂಲದಲ್ಲಿ ಎದುರಾಳಿಗಳಾಗಿದ್ದ ಜಪಾನೀಯರ ಗತಿ? ಅವರಿಗೆ ಇಲ್ಲದೇ ಇರುವ ದೇಶವೊಂದನ್ನು ಹುಟ್ಟುಹಾಕಿದರು. 2024ರಲ್ಲಿ ಅದರ ಆನಿಮೇ, ಅಂದರೆ ಜಪಾನೀ ಕಾರ್ಟೂನ್ ಸರಣಿ, ಬಂದಾಗಲೂ ಜಪಾನಿನಲ್ಲಿ ಶುನ್, ಹೊರಗಿನವರಿಗೆ ಜಿನ್‌ವೂ. ಜಪಾನ್ ಕೊರಿಯಾವನ್ನು ಆಳಿದ ಕಾಲದ ಹಳೆಯ ಗಾಯ ಗೊತ್ತಿರುವವರಿಗೆ ಇದರ ಕಾರಣ ಬಿಡಿಸಿ ಹೇಳಬೇಕಿಲ್ಲ. 2024ರ ಜೂನ್‌ನಲ್ಲಿ ನೇವರ್‌ನ ವೆಬ್‌ಟೂನ್ ಕಂಪನಿ ಅಮೆರಿಕದ ನ್ಯಾಸ್ಡ್ಯಾಕ್ ಷೇರುಪೇಟೆಗೂ ಕಾಲಿಟ್ಟಿತು.

ಇನ್ನು ನಮ್ಮ ಕಡೆಗೆ ಬರೋಣ. ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನ ಪುಸ್ತಕದಂಗಡಿಗಳಲ್ಲಿ ಮಾಂಗಾ ಕಪಾಟು ಇದೆ, ಕಾಮಿಕ್ ಕಾನ್‌ನಲ್ಲಿ ನರುಟೋ ವೇಷದ ಹುಡುಗರು ಸಿಗುತ್ತಾರೆ. ಓದುವುದೆಲ್ಲ ಇಂಗ್ಲಿಷ್‌ನಲ್ಲಿ. ಮಾಂಗಾ ಪ್ಲಸ್‌ನಲ್ಲಿ ಥಾಯ್, ಇಂಡೋನೇಷ್ಯನ್, ವಿಯೆಟ್ನಾಮೀ ಭಾಷೆಗಳಿವೆ. ಕನ್ನಡ ಇಲ್ಲ.

ಇದಕ್ಕೆ ಕನ್ನಡಿಗರ ಸಂಖ್ಯೆ ಕಾರಣ ಅಂತ ನನಗನ್ನಿಸುವುದಿಲ್ಲ. ವಿಯೆಟ್ನಾಂ ನೋಡಿ. ಅಲ್ಲಿನ ಕಿಮ್ ದೋಂಗ್ ಪ್ರಕಾಶನ 1992ರಲ್ಲಿ 'ಡೊರೇಮಾನ್' ಅಚ್ಚು ಹಾಕಿತು, ಅನುಮತಿಯೇ ಇಲ್ಲದೆ. ಮಕ್ಕಳು ಮುಗಿಬಿದ್ದರು. ಕೆಲವು ವರ್ಷದ ನಂತರ ಲೇಖಕರ ಜೊತೆ ರಾಜಿಯಾಗಿ, ಬಾಕಿ ಗೌರವಧನದಿಂದ ಅಲ್ಲಿನ ಮಕ್ಕಳಿಗೆ ವಿದ್ಯಾರ್ಥಿವೇತನದ ನಿಧಿ ಹುಟ್ಟಿತು. ಅಲ್ಲಿಂದ ಇಲ್ಲಿಯವರೆಗೆ ಒಂದು ಇಡೀ ತಲೆಮಾರು ತನ್ನ ಭಾಷೆಯಲ್ಲೇ ಮಾಂಗಾ ಓದಿ ಬೆಳೆದಿದೆ. ಆ್ಯಪ್ ಬಂದಾಗ ಕೊಳ್ಳುವವರು, ಅನುವಾದಕರು, ಸಂಪಾದಕರು ಎಲ್ಲ ಸಿದ್ಧವಾಗಿದ್ದರು.

ನಮ್ಮಲ್ಲಿ ಅಂಥ ಆರಂಭ ಇರಲೇ ಇಲ್ಲ ಅಂತಲ್ಲ. ಅಮರ ಚಿತ್ರ ಕಥೆಯ ಮೂಲವೇ ಕನ್ನಡ. 1965ರಲ್ಲಿ ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಮುತುವರ್ಜಿಯಿಂದ ಆ ಹೆಸರಿನಲ್ಲಿ ಮೊದಲು ಬಂದವು ಪಾಶ್ಚಾತ್ಯ ಕತೆಗಳ ಕಾಮಿಕ್ಸ್‌ಗಳ ಕನ್ನಡ ಅನುವಾದಗಳು. ಹೊರಗಿನ ಚಿತ್ರಕತೆಯನ್ನು ಕನ್ನಡದಲ್ಲಿ ಓದಿಸುವ ಪ್ರಯೋಗ ಅರವತ್ತು ವರ್ಷದ ಹಿಂದೆಯೇ ಆಗಿತ್ತು, ಅಲ್ವಾ? ಅದು ಮುಂದುವರಿಯಲಿಲ್ಲ. ಈಗ ಸಣ್ಣ ಪ್ರಕಾಶಕರೊಬ್ಬರು ಮಾಂಗಾ ತರುತ್ತೇನೆ ಅಂದರೂ ಮುಂಗಡ ಕಟ್ಟಬೇಕು, ಅನುವಾದದ ಪುಟಗಳಿಗೆ ಜಪಾನಿನಿಂದ ಒಪ್ಪಿಗೆ ಪಡೆಯಬೇಕು, ಮತ್ತು ಒಂದೇ ಸಂಪುಟಕ್ಕೆ ಮುಗಿಯುವ ಕತೆಗಳು ಕಮ್ಮಿ. ಇಪ್ಪತ್ತು ಸಂಪುಟದ ಸರಣಿಯನ್ನು ಮೂರಕ್ಕೆ ನಿಲ್ಲಿಸಿದರೆ ಓದುಗರು ಸುಮ್ಮನಿರುವುದಿಲ್ಲ.

ಯಂತ್ರದ ಅನುವಾದ ಈ ಲೆಕ್ಕವನ್ನು ಬದಲಿಸಬಹುದು ಅನ್ನುವವರಿದ್ದಾರೆ. 2024ರಲ್ಲಿ ಜಪಾನಿನ 'ಆರೆಂಜ್' ಕಂಪನಿ ಎಐ ಬಳಸಿ ಐದು ವರ್ಷದಲ್ಲಿ 50 ಸಾವಿರ ಸಂಪುಟಗಳನ್ನು ಇಂಗ್ಲಿಷ್‌ಗೆ ತರುವ ಯೋಜನೆ ಹೇಳಿ, ಸುಮಾರು 290 ಕೋಟಿ ಯೆನ್ ಬಂಡವಾಳ ಎತ್ತಿತು. ಹಾಕಿದವರಲ್ಲಿ ಶೋಗಕುಕಾನ್ ಪ್ರಕಾಶನವೂ ಇತ್ತು. ಜಪಾನಿನ ಅನುವಾದಕರ ಸಂಘ ಕೂಡಲೇ ವಿರೋಧಿಸಿ ಹೇಳಿಕೆ ಕೊಟ್ಟಿತು. ಪಾತ್ರದ ಮಾತಿನ ಧಾಟಿ, ಯಾರು ಯಾರಿಗೆ ಬಹುವಚನ ಕೊಡುತ್ತಾರೆ ಎಂಬ ಸೂಕ್ಷ್ಮ ಯಂತ್ರಕ್ಕೆ ಸಿಗುವುದು ಕಷ್ಟ. ಕನ್ನಡದಲ್ಲಿ ಅದು ತಪ್ಪಿದರೆ ಮೊದಲ ಪುಟದಲ್ಲೇ ಗೊತ್ತಾಗಿಬಿಡುತ್ತದೆ. ಬಂದರೆ ಮೊದಲು ವೆಬ್‌ಟೂನ್ ಬರಬಹುದು ಅಂತ ನನ್ನ ಅಂದಾಜು. ಅಚ್ಚಿನ ಖರ್ಚಿಲ್ಲ, ಇಪ್ಪತ್ತು ಸಂಪುಟದ ಭಾರವಿಲ್ಲ, ಹತ್ತು ಕಂತು ಹಾಕಿ ಎಷ್ಟು ಜನ ಓದಿದರು ಅಂತ ನೋಡಿಕೊಂಡು ಮುಂದುವರಿಯಬಹುದು.